ಕಾರ್ಡು ಯಾರ ಹೆಸರಲ್ಲಿದೆ?

ಇವತ್ತು ಎರಡು ಸಣ್ಣ ಪ್ರಶ್ನೆಗಳಿಂದ ಶುರು ಮಾಡೋಣ. ಮೊದಲನೆಯದು, ನಿಮ್ಮ ಮನೆಯಲ್ಲಿ ಆರೋಗ್ಯ ವಿಮೆ ಇದೆಯಾ? ಇದ್ದರೆ ಯಾವುದು? ಇಎಸ್‌ಐ, ಯಶಸ್ವಿನಿ, ಆಯುಷ್ಮಾನ್, ಕಂಪನಿಯವರು ಕೊಟ್ಟ ಪಾಲಿಸಿ, ಇಲ್ಲಾ ನೀವೇ ದುಡ್ಡು ಕಟ್ಟಿ ತಗೊಂಡ ಪಾಲಿಸಿ, ಯಾವುದಾದರೂ ಸರಿ. ಎರಡನೇ ಪ್ರಶ್ನೆ, ಆ ಕಾರ್ಡಿನಲ್ಲಿ ನಿಮ್ಮ ಪುಟ್ಟ ಮಗುವಿನ ಹೆಸರು ಯಾವ ಜಾಗದಲ್ಲಿದೆ?

ಒಮ್ಮೆ ತೆಗೆದು ನೋಡಿ. ಮೇಲೆ ದುಡಿಯುವವರ ಹೆಸರಿರುತ್ತೆ, ಅಥವಾ ಸೊಸೈಟಿ ಸದಸ್ಯರ ಹೆಸರು, ಅಥವಾ ರೇಷನ್ ಕಾರ್ಡಿನ ಯಜಮಾನಿಯ ಹೆಸರು. ಮಗು ಕೆಳಗೆ ಎಲ್ಲೋ ಇರುತ್ತೆ, 'ಅವಲಂಬಿತರು' ಅನ್ನುವ ಕಾಲಂನಲ್ಲಿ. ಎಷ್ಟೋ ಮನೆಗಳಲ್ಲಿ ಆ ಹೆಸರೂ ಇನ್ನೂ ಸೇರಿರುವುದಿಲ್ಲ. ನಮ್ಮ ದೇಶದ ಆರೋಗ್ಯ ವಿಮೆಯ ಎಪ್ಪತ್ತು ಚಿಲ್ಲರೆ ವರ್ಷಗಳ ಇತಿಹಾಸವನ್ನು ಈ ಒಂದು ಕಾಲಂ ಹಿಡಿದುಕೊಂಡೇ ಓದಬಹುದು. ಈ ದೇಶದಲ್ಲಿ ಮಗುವಿಗೆ ವಿಮೆ ಸಿಕ್ಕಾಗಲೆಲ್ಲ ಇನ್ನೊಬ್ಬರ ಬೆನ್ನೇರಿಯೇ ಸಿಕ್ಕಿದೆ. ಬೆನ್ನು ಕೊಟ್ಟವರು ಬಿದ್ದರೆ ಮಗುವೂ ಬೀಳುತ್ತದೆ.

ಕಥೆ ಶುರುವಾಗುವುದು ಸ್ವಾತಂತ್ರ್ಯಕ್ಕೂ ಮೊದಲು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. 1946ರಲ್ಲಿ ವರದಿ ಬಂತು. ಅದರಲ್ಲಿರುವ ಒಂದು ಅಂಕಿ ಓದಿದರೆ ಇವತ್ತಿಗೂ ಹೊಟ್ಟೆ ತೊಳೆಸುತ್ತದೆ. 1937ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 162 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಸಂಖ್ಯೆ 58. ನಮ್ಮಲ್ಲಿ ಆಗುತ್ತಿದ್ದ ಒಟ್ಟು ಸಾವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹತ್ತು ವರ್ಷದೊಳಗಿನ ಮಕ್ಕಳದ್ದು. ಅಂದರೆ ಆಗ ಈ ದೇಶದ ಆರೋಗ್ಯದ ಸಮಸ್ಯೆ ಅಂದರೆ ಮೂಲತಃ ಮಕ್ಕಳ ಸಮಸ್ಯೆಯೇ.

ಭೋರ್ ಸಮಿತಿ ಹೇಳಿದ್ದೇನು? ದುಡ್ಡು ಕೊಡಲು ಆಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಸರ್ಕಾರವೇ ಸಂಬಳ ಕೊಟ್ಟು ವೈದ್ಯರನ್ನಿಟ್ಟು, ಹಳ್ಳಿಯಿಂದ ಜಿಲ್ಲೆವರೆಗೆ ಆಸ್ಪತ್ರೆ ಕಟ್ಟಬೇಕು. ವಿಮೆಯ ಲೆಕ್ಕಾಚಾರಕ್ಕೆ ಸಮಿತಿ ಹೋಗಲಿಲ್ಲ. ಕೈಗೆ ಸಂಬಳವೇ ಬಾರದ ದೇಶದಲ್ಲಿ ಯಾರ ಸಂಬಳದಿಂದ ಕಂತು ಮುರಿದುಕೊಳ್ಳುತ್ತೀರಿ? ಇವತ್ತು ನಮ್ಮೂರಿನಲ್ಲಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಬಂದಿದ್ದು ಆ ವರದಿಯಿಂದಲೇ. ಆದರೆ ವರದಿ ಕೇಳಿದಷ್ಟು ದುಡ್ಡನ್ನು ಯಾವ ಸರ್ಕಾರವೂ ಕೊಡಲಿಲ್ಲ. ಆ ಖಾಲಿ ಜಾಗಕ್ಕೆ ನಿಧಾನವಾಗಿ ವಿಮೆ ಬಂತು.

ಮೊದಲು ಬಂದಿದ್ದು ಕಾರ್ಖಾನೆ ಕಾರ್ಮಿಕರಿಗೆ. ಪ್ರೊಫೆಸರ್ ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಆಯಿತು. ಅದೇ ಇಎಸ್‌ಐ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಉದ್ಘಾಟನೆ ಮಾಡಿದರು. ಬೆಂಗಳೂರಿಗೆ ಬಂದಿದ್ದು 1958ರಲ್ಲಿ.

ಶುರುವಿನಲ್ಲಿ ಇಎಸ್‌ಐನಲ್ಲಿ ಚಿಕಿತ್ಸೆ ಇದ್ದಿದ್ದು ಕಾರ್ಮಿಕನಿಗೆ ಮಾತ್ರ. ಹೆಂಡತಿ ಮಕ್ಕಳಿಗೆ ವಿಸ್ತರಿಸಲು ಕಾನೂನಿನಲ್ಲಿ ಜಾಗವಿತ್ತು, ಆದರೆ ವಿಸ್ತರಣೆ ಆಗಿದ್ದು ಆಮೇಲೆ, ಹಂತಹಂತವಾಗಿ. ಇದರ ಹಿಂದಿನ ಯೋಚನೆ ಏನು ಅಂತ ನೋಡಿ. ಕಾರ್ಮಿಕ ಹುಷಾರು ತಪ್ಪಿದರೆ ಯಂತ್ರ ನಿಲ್ಲುತ್ತದೆ. ಮಗು ಹುಷಾರು ತಪ್ಪಿದರೆ ಯಾವ ಯಂತ್ರವೂ ನಿಲ್ಲುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಮಗು ಕಾಣಿಸುವುದು ತಡವಾಗಿ.

ಹಾಗಂತ ಇಎಸ್‌ಐಯನ್ನು ಹೀಗಳೆಯುವ ಹಾಗಿಲ್ಲ. ನಿಜ ಹೇಳಬೇಕೆಂದರೆ, ಕುಟುಂಬ ಸೇರಿದ ಮೇಲೆ ಪುಟ್ಟ ಮಕ್ಕಳ ಮಟ್ಟಿಗೆ ನಮ್ಮ ದೇಶದ ಅತ್ಯಂತ ಒಳ್ಳೆಯ ವಿಮೆ ಅದೇ. ಯಾಕೆ ಗೊತ್ತಾ? ಇಎಸ್‌ಐನಲ್ಲಿ ಡಿಸ್ಪೆನ್ಸರಿ ಇದೆ. ಜ್ವರ, ಕೆಮ್ಮು, ಭೇದಿ, ಕಿವಿ ಸೋರುವುದು ಎಲ್ಲಕ್ಕೂ ಹೋಗಬಹುದು, ಔಷಧ ಕೊಡುತ್ತಾರೆ. ಆಸ್ಪತ್ರೆಗೆ ಅಡ್ಮಿಟ್ ಆಗಲೇಬೇಕು ಅಂತಿಲ್ಲ. ಆದರೆ ಅಲ್ಲೂ ಮಗು ನಿಂತಿರುವುದು ಅಪ್ಪ ಅಥವಾ ಅಮ್ಮನ ಕೆಲಸದ ಮೇಲೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಹಾಕುವ ತಾಯಿ ಕೆಲಸ ಬಿಟ್ಟರೆ, ಸ್ವಲ್ಪ ದಿನದಲ್ಲಿ ಮಗುವಿನ ಡಿಸ್ಪೆನ್ಸರಿಯೂ ಹೋಯಿತು. ಇನ್ನೊಂದು ಕಡೆ, 2017ರಿಂದ ಇರುವ ಮಿತಿ ತಿಂಗಳಿಗೆ 21,000 ರೂಪಾಯಿ ಸಂಬಳ. ಅದಕ್ಕಿಂತ ಸಂಬಳ ಜಾಸ್ತಿಯಾದರೆ ಆ ಕಂತಿನ ಅವಧಿ ಮುಗಿದ ಮೇಲೆ ಕುಟುಂಬವೇ ಹೊರಗೆ. ಬಡ್ತಿ ಸಿಕ್ಕಿತು ಅಂತ ಸ್ವೀಟ್ ಹಂಚಬೇಕೋ, ಮಗುವಿನ ವಿಮೆ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಕೋ, ನೀವೇ ಹೇಳಿ.

ಇದು ಸಂಬಳದವರ ಕಥೆ. ಮಧ್ಯಮ ವರ್ಗಕ್ಕೆ ದುಡ್ಡು ಕೊಟ್ಟು ಕೊಳ್ಳುವ ವಿಮೆ ಸಿಕ್ಕಿದ್ದು 1986ರಲ್ಲಿ. ಸಾಮಾನ್ಯ ವಿಮಾ ಕಂಪನಿಗಳು 1973ರಿಂದಲೇ ರಾಷ್ಟ್ರೀಕರಣವಾಗಿದ್ದವು. ಆ ನಾಲ್ಕು ಸರ್ಕಾರಿ ಕಂಪನಿಗಳು ಸೇರಿ ತಂದ ಪಾಲಿಸಿಯ ಹೆಸರು ಮೆಡಿಕ್ಲೈಮ್. ಇವತ್ತಿಗೂ ನಮ್ಮ ಜನ ಯಾವ ಕಂಪನಿಯ ಆರೋಗ್ಯ ವಿಮೆಯನ್ನಾದರೂ 'ಮೆಡಿಕ್ಲೈಮ್' ಅಂತಲೇ ಕರೆಯುತ್ತಾರೆ. ಆ ಹಳೇ ಪಾಲಿಸಿಯ ಷರತ್ತು ಓದಿ. ವಿಮೆ ಸಿಗುವುದು 5 ವರ್ಷ ತುಂಬಿದವರಿಂದ ಮೇಲಕ್ಕೆ. 3 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ ಬೇಕಿದ್ದರೆ ಅಪ್ಪನೋ ಅಮ್ಮನೋ ಜೊತೆಗೆ ಪಾಲಿಸಿ ಮಾಡಿಸಿರಬೇಕು. ಮೂರು ತಿಂಗಳೊಳಗಿನ ಮಗುವಿಗೆ? ಬಾಗಿಲು ಬಂದ್.

ಯಾಕೆ ಮೂರು ತಿಂಗಳು? ಇಲ್ಲಿ ನನ್ನ ಎಂಜಿನಿಯರಿಂಗ್ ಓದು ಸ್ವಲ್ಪ ಕೆಲಸಕ್ಕೆ ಬರುತ್ತದೆ. ನಮಗೆ ಕಾಲೇಜಿನಲ್ಲಿ 'ಬಾತ್‌ಟಬ್ ಕರ್ವ್' ಅಂತ ಒಂದು ನಕ್ಷೆ ಕಲಿಸುತ್ತಿದ್ದರು. ಯಾವುದೇ ಯಂತ್ರದ ಭಾಗ ತಗೊಳ್ಳಿ. ಹೊಸದಾಗಿ ಬಂದಾಗ ಕೆಟ್ಟುಹೋಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ತಯಾರಿಕೆಯಲ್ಲಿನ ದೋಷ ಆಗಲೇ ಗೊತ್ತಾಗುವುದು. ಅದು ದಾಟಿದರೆ ಬಹುಕಾಲ ಸಲೀಸಾಗಿ ಓಡುತ್ತದೆ. ಕೊನೆಗೆ ಹಳೆಯದಾಗಿ ಸವೆದಾಗ ಮತ್ತೆ ಕೆಡುವುದು ಜಾಸ್ತಿ. ನಕ್ಷೆ ಬರೆದರೆ ಎರಡು ಕಡೆ ಎತ್ತರದ ಗೋಡೆ, ನಡುವೆ ಸಪಾಟು ತಳ, ಥೇಟ್ ಸ್ನಾನದ ತೊಟ್ಟಿ. ಆ ಎಡಗಡೆಯ ಗೋಡೆಗೆ ನಮ್ಮ ಪಠ್ಯಪುಸ್ತಕ ಕೊಟ್ಟ ಹೆಸರು ಏನು ಗೊತ್ತಾ? 'ಇನ್‌ಫ್ಯಾಂಟ್ ಮಾರ್ಟಾಲಿಟಿ'. ಅಂದರೆ ಶಿಶುಮರಣ. ಬಲ್ಬು, ಬೇರಿಂಗು, ಚಿಪ್ಪು ಕೆಡುವುದಕ್ಕೆ ಎಂಜಿನಿಯರುಗಳು ಆ ಪದವನ್ನು ಎರವಲು ತಂದಿದ್ದು ಮನುಷ್ಯರ ಮಕ್ಕಳಿಂದ.

ಈಗ ಮೆಡಿಕ್ಲೈಮ್ ಷರತ್ತನ್ನು ಆ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಹುಟ್ಟಿದ ಮೊದಲ ಮೂರು ತಿಂಗಳು ಬೇಡ. ತುಂಬಾ ವಯಸ್ಸಾದವರು ಬೇಡ. ಹುಟ್ಟಿನಿಂದ ಬಂದ ಕಾಯಿಲೆ ಬೇಡ, ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆ ಬೇಡ. ಕಂಪನಿಗೆ ಬೇಕಾಗಿದ್ದು ತೊಟ್ಟಿಯ ತಳ ಮಾತ್ರ. ಎರಡೂ ಗೋಡೆ ಮನೆಯವರ ತಲೆಗೆ.

ಇದು ಕ್ರೌರ್ಯ ಅಂತ ನಾನು ಹೇಳುತ್ತಿಲ್ಲ. ವಿಮೆ ವ್ಯಾಪಾರದ ಲೆಕ್ಕ ಇರುವುದೇ ಹಾಗೆ. ಆಗಬಹುದು, ಆಗದಿರಬಹುದು ಅನ್ನುವ ಅಪಾಯಕ್ಕೆ ವಿಮೆ ಮಾಡುತ್ತಾರೆ, ಆಗಲೇ ಆಗಿಹೋಗಿರುವುದಕ್ಕೆ ಮಾಡುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬೆಂಕಿ ವಿಮೆ ಕೊಡಿ ಅಂದರೆ ಯಾರು ಕೊಡುತ್ತಾರೆ? ಆದರೆ ಮಗು ಮನೆಯಲ್ಲ ಸ್ವಾಮಿ. ಮಗು ಹುಟ್ಟುವ ಮೊದಲು ಪಾಲಿಸಿ ಕೊಳ್ಳಲು ಸಾಧ್ಯವಿಲ್ಲ. ಹುಟ್ಟಿದ ಮೇಲೆ ಕೊಳ್ಳಲು ಹೋದರೆ 'ಮೊದಲೇ ಇದ್ದ ಕಾಯಿಲೆ' ಅಂತಾರೆ. ಹಾಗಾದರೆ ಆ ಮಗು ಯಾವಾಗ ಅರ್ಜಿ ಹಾಕಬೇಕಿತ್ತು?

ಇದು ಬರೀ ಮಾತಿನ ಚಮತ್ಕಾರ ಅಲ್ಲ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ 2020ರ ಅಂಕಿ ನೋಡಿ. ಆ ವರ್ಷ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಿಗೆ ಐದು ವರ್ಷದೊಳಗೆ ಸತ್ತವರು 32. ಅದರಲ್ಲಿ 28 ಮಕ್ಕಳು ಸತ್ತಿದ್ದು ಮೊದಲ ವರ್ಷದೊಳಗೆ. ಆ 28ರಲ್ಲೂ 20 ಮಕ್ಕಳು ಸತ್ತಿದ್ದು ಮೊದಲ 28 ದಿನಗಳಲ್ಲಿ. ಭೋರ್ ಕಾಲದ 162ರಿಂದ 28ಕ್ಕೆ ಇಳಿದಿದ್ದೇವೆ, ಸಣ್ಣ ಸಾಧನೆಯಲ್ಲ. ಕರ್ನಾಟಕದಲ್ಲಿ ಅದು ಆ ವರ್ಷ 19. ಆದರೆ ಉಳಿದಿರುವ ಸಾವುಗಳು ಎಲ್ಲಿ ಗುಂಪುಗೂಡಿವೆ? ಆ ಎಡಗಡೆಯ ಗೋಡೆಯ ಬುಡದಲ್ಲೇ. ಖಾಸಗಿ ವಿಮೆ ಮುಖ ತಿರುಗಿಸಿಕೊಂಡಿದ್ದು ಸರಿಯಾಗಿ ಆ ದಿನಗಳಿಂದ.

2000ದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಬಂತು, ಖಾಸಗಿ ಕಂಪನಿಗಳು ಬಂದವು. 2006ರಲ್ಲಿ ಆರೋಗ್ಯ ವಿಮೆಯನ್ನೇ ಮಾರುವ ಕಂಪನಿ ಬಂತು. ಪೈಪೋಟಿಯಿಂದ ಒಂದಿಷ್ಟು ಒಳ್ಳೆಯದೂ ಆಯಿತು. ಇಡೀ ಕುಟುಂಬಕ್ಕೆ ಒಂದೇ ಮೊತ್ತದ 'ಫ್ಲೋಟರ್' ಬಂತು. ಬೆಂಗಳೂರಿನ ಐಟಿ ಕಂಪನಿಗಳ ಗ್ರೂಪ್ ಪಾಲಿಸಿಗಳಲ್ಲಿ ಎಷ್ಟೋ ಕಡೆ ಮಗುವಿಗೆ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ಆದರೆ ಮಾರುಕಟ್ಟೆಯಲ್ಲಿ ನೀವೇ ಕೊಳ್ಳುವ ಎಷ್ಟೋ ಪಾಲಿಸಿಗಳಲ್ಲಿ ಇಂದಿಗೂ 91ನೇ ದಿನದ ಲೆಕ್ಕ ಇದೆ. ಅಂದರೆ ಒಂದೇ ಆಸ್ಪತ್ರೆಯಲ್ಲಿ, ಒಂದೇ ದಿನ, ಪಕ್ಕ ಪಕ್ಕದ ಹಾಸಿಗೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಎರಡು ಮಕ್ಕಳಿದ್ದರೆ, ಒಂದರ ಬಿಲ್ ಕಂಪನಿ ಕಟ್ಟುತ್ತದೆ, ಇನ್ನೊಂದರ ಬಿಲ್‌ಗೆ ಅಜ್ಜಿಯ ಬಳೆ ಗಿರವಿ ಅಂಗಡಿಗೆ ಹೋಗುತ್ತದೆ. ಮಕ್ಕಳಲ್ಲಿ ವ್ಯತ್ಯಾಸವಿಲ್ಲ, ಅಪ್ಪ ಅಮ್ಮಂದಿರ ಐಡಿ ಕಾರ್ಡಿನಲ್ಲಿ ಮಾತ್ರ ವ್ಯತ್ಯಾಸ.

ಸರಿ, ಸಂಬಳವೂ ಇಲ್ಲ, ಪಾಲಿಸಿ ಕೊಳ್ಳುವ ಶಕ್ತಿಯೂ ಇಲ್ಲದ ರೈತರ ಮನೆ ಮಕ್ಕಳ ಕಥೆ? ಇಲ್ಲಿ ನಾವು ಕನ್ನಡಿಗರು ಎದೆ ತಟ್ಟಿಕೊಂಡು ಹೇಳಬಹುದಾದ ಒಂದು ಅಧ್ಯಾಯ ಇದೆ.

2002ರ ನವೆಂಬರ್ 14. ಮಕ್ಕಳ ದಿನ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಯಶಸ್ವಿನಿ ಯೋಜನೆಗೆ ಚಾಲನೆ ಕೊಟ್ಟರು. 2003ರ ಜೂನ್ 1ರಿಂದ ಜಾರಿ. ಯೋಚನೆಯ ಹಿಂದೆ ಇದ್ದವರು ಹೃದಯ ತಜ್ಞ ಡಾ. ದೇವಿ ಶೆಟ್ಟಿ. ಲೆಕ್ಕ ಬಹಳ ಸರಳ. ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಒಬ್ಬೊಬ್ಬರ 60 ರೂಪಾಯಿಗೆ ಏನೂ ಬರುವುದಿಲ್ಲ. ಲಕ್ಷಾಂತರ ಜನರ 60 ರೂಪಾಯಿ ಸೇರಿದರೆ ಹೃದಯದ ಆಪರೇಷನ್ ಮಾಡಬಹುದು. ಆ ಲಕ್ಷಾಂತರ ಜನರನ್ನು ಎಲ್ಲಿಂದ ತರುವುದು? ನಮ್ಮಲ್ಲಿ ಸಹಕಾರ ಸಂಘಗಳಿದ್ದವಲ್ಲ! ಹಾಲಿನ ಡೇರಿ, ಕೃಷಿ ಪತ್ತಿನ ಸೊಸೈಟಿ, ಎಲ್ಲ ಹಳ್ಳಿಯಲ್ಲೂ ಒಂದು ಪುಸ್ತಕ, ಒಬ್ಬ ಕಾರ್ಯದರ್ಶಿ. ಸರ್ಕಾರವೂ ಒಂದಿಷ್ಟು ದುಡ್ಡು ಹಾಕಿತು. ವಿಮಾ ಕಂಪನಿಗೆ ಕೊಡದೆ ಟ್ರಸ್ಟ್ ಮಾಡಿದರು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಜಗತ್ತಿನ ಎಷ್ಟೋ ಕಡೆಯಿಂದ ಇದನ್ನು ಅಧ್ಯಯನ ಮಾಡಲು ಬಂದರು.

ಯಶಸ್ವಿನಿಯ ಪಟ್ಟಿಯಲ್ಲಿ ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆ ಇತ್ತು. ಜೊತೆಗೆ ಹಾವು ಕಡಿತ, ನಾಯಿ ಕಡಿತ, ನೀರಿನಲ್ಲಿ ಮುಳುಗಿದ್ದು, ಎತ್ತು ತಿವಿದಿದ್ದು ಕೂಡ ಇತ್ತು. ಈ ಪಟ್ಟಿ ಬರೆದವರಿಗೆ ಹಳ್ಳಿ ಗೊತ್ತಿತ್ತು, ಅಷ್ಟು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಹೃದಯದಲ್ಲಿ ರಂಧ್ರ ಇಟ್ಟುಕೊಂಡು ಹುಟ್ಟಿದ ರೈತನ ಮಗುವಿಗೆ 'ಇದು ಮೊದಲೇ ಇದ್ದ ಕಾಯಿಲೆ' ಅಂತ ಹೇಳದ ಒಂದು ಕಾರ್ಡು ಸಿಕ್ಕಿತು. ಸಾವಿರಕ್ಕೆ ಸುಮಾರು 8 ಮಕ್ಕಳು ಹೃದಯದ ದೋಷದೊಂದಿಗೆ ಹುಟ್ಟುತ್ತಾರೆ ಅನ್ನುವುದು ವೈದ್ಯಕೀಯ ಲೆಕ್ಕ. ಇದು ಅಪರೂಪದ ಕಾಯಿಲೆ ಅಲ್ಲ, ನೆನಪಿಡಿ.

ಆದರೆ ಇಲ್ಲೂ ಎರಡು ಕೊಕ್ಕೆ ಇತ್ತು. ಒಂದು, ದುಡ್ಡು ಕಟ್ಟಬೇಕಾಗಿದ್ದು ತಲೆ ಲೆಕ್ಕದಲ್ಲಿ. ಮನೆಯಲ್ಲಿ ಆರು ಜನರಿದ್ದರೆ ಆರು ಕಂತು. ಕೈ ಬಿಗಿ ಇದ್ದಾಗ ಯಾರಿಗೆ ಕಟ್ಟುತ್ತಾರೆ? ಹುಷಾರಿಲ್ಲದ ಅಜ್ಜನಿಗೆ ಕಟ್ಟುತ್ತಾರೆ, ದುಡಿಯುವ ಮಗನಿಗೆ ಕಟ್ಟುತ್ತಾರೆ. ಕುಣಿದಾಡಿಕೊಂಡಿರುವ ಮಗುವಿಗೆ 'ಮುಂದಿನ ವರ್ಷ ನೋಡೋಣ'. ಎರಡು, ಸೊಸೈಟಿಯಲ್ಲಿ ಸದಸ್ಯತ್ವ ಇರಬೇಕು. ಸೊಸೈಟಿ ಸದಸ್ಯತ್ವಕ್ಕೆ ಹಸು ಬೇಕು, ಇಲ್ಲಾ ಜಮೀನು ಬೇಕು. ಎರಡೂ ಇಲ್ಲದ ಕೂಲಿಯವರ ಮಗು ಆ ಪುಸ್ತಕದಲ್ಲಿ ಬರುವುದು ಹೇಗೆ?

ಆ ಕೂಲಿಯವರಿಗಾಗಿ ಕೇಂದ್ರ ಸರ್ಕಾರ 2008ರ ಏಪ್ರಿಲ್ 1ರಂದು ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತಂದಿತು. 30 ರೂಪಾಯಿ ಕೊಟ್ಟು ಸ್ಮಾರ್ಟ್ ಕಾರ್ಡು ಮಾಡಿಸಿದರೆ ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ಖರ್ಚು. ಹುಟ್ಟಿದ ಮಗುವಿಗೆ ಮೊದಲ ದಿನದಿಂದಲೇ ರಕ್ಷಣೆ. ಖಾಸಗಿ ಪಾಲಿಸಿ ಕೊಡದ್ದನ್ನು ಬಡವರ ಕಾರ್ಡು ಕೊಟ್ಟಿತು, ಭೇಷ್! ಆದರೆ ಕಾರ್ಡಿನಲ್ಲಿ ಐದೇ ಜನ. ಯಜಮಾನ, ಪತ್ನಿ, ಇನ್ನು ಮೂವರು. ಹೊಸ ಮಗು ಆರನೆಯದಾದರೆ ಆ ವರ್ಷ ಮುಗಿಯುವವರೆಗೆ ನಡೆಯುತ್ತಿತ್ತು. ನವೀಕರಣ ಮಾಡಿಸುವಾಗ ಮಗುವನ್ನು ಸೇರಿಸಬೇಕೋ ಬೇಡವೋ ಅಂತ ಮನೆ ಯಜಮಾನ ತೀರ್ಮಾನ ಮಾಡಬೇಕು. ಸೇರಿಸುವುದಾದರೆ ಯಾರನ್ನು ತೆಗೆಯಬೇಕು? ಅಮ್ಮನನ್ನಾ? ದೊಡ್ಡ ಮಗಳನ್ನಾ? ದೆಹಲಿಯಲ್ಲಿ ಕೂತವರು ಒಂದು ಅಂಕಿ ಹಾಕಿದರು. ಆ ಅಂಕಿಯ ಭಾರ ಹೊತ್ತಿದ್ದು ಯಾವುದೋ ಹಳ್ಳಿಯ ಜಗುಲಿ.

ಕರ್ನಾಟಕ ಮತ್ತೆ ಒಂದು ಹೆಜ್ಜೆ ಮುಂದೆ ಹೋಯಿತು. 2010ರ ಫೆಬ್ರವರಿಯಲ್ಲಿ ಆಗಿನ ಗುಲ್ಬರ್ಗ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟಗಾಯ, ದೊಡ್ಡ ಅಪಘಾತ, ಇದರ ಜೊತೆಗೆ ನವಜಾತ ಶಿಶುವಿನ ಗಂಭೀರ ಕಾಯಿಲೆ. ಕಂತಿಲ್ಲ, ಅರ್ಜಿಯಿಲ್ಲ. ನವಜಾತ ಶಿಶು ಅನ್ನುವುದನ್ನು ಪಟ್ಟಿಯ ಒಂದು ಶೀರ್ಷಿಕೆಯಾಗಿ ಬರೆದಿದ್ದು ದೊಡ್ಡ ಮಾತು.

ಇದರಿಂದ ಜೀವ ಉಳಿಯಿತಾ? ಅದಕ್ಕೆ ಉತ್ತರ ಇದೆ. ಯೋಜನೆ ಮೊದಲು ಉತ್ತರಕ್ಕೆ ಬಂದು, ದಕ್ಷಿಣಕ್ಕೆ ಬರಲು 2012 ಆಯಿತು. ಸಂಶೋಧಕರಿಗೆ ಇದೇ ಒಂದು ಅವಕಾಶವಾಯಿತು. ಗಡಿಯ ಆಚೆ ಈಚೆ ಒಂದೇ ಥರದ ಹಳ್ಳಿಗಳು, ಒಂದು ಕಡೆ ಯೋಜನೆ ಇದೆ, ಇನ್ನೊಂದು ಕಡೆ ಇಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ನೀರಜ್ ಸೂದ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ, ಎಲ್ಲ ವಯಸ್ಸಿನವರೂ ಸೇರಿ, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 0.32. ಇಲ್ಲದ ಕಡೆ ಶೇ. 0.90. ಕಾರ್ಡಿಗೆ ಅರ್ಹತೆ ಇಲ್ಲದ ಎಪಿಎಲ್ ಕುಟುಂಬಗಳಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. 'ಸರ್ಕಾರಿ ಯೋಜನೆ ಅಂದ್ರೆ ಬರೀ ಬ್ಯಾನರು' ಅನ್ನುವವರು ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ಮುಂದಿನದು ನಿಮಗೆಲ್ಲ ನೆನಪಿರುವ ಕಾಲ. 2018ರ ಮಾರ್ಚ್ 2ರಂದು ರಾಜ್ಯದಲ್ಲಿ ಆರೋಗ್ಯ ಕರ್ನಾಟಕ. ಯಶಸ್ವಿನಿ, ಆರೋಗ್ಯಶ್ರೀ, ರಾಷ್ಟ್ರೀಯ ಬಿಮಾ ಎಲ್ಲ ಅದರೊಳಗೆ ವಿಲೀನ. ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರಿಂದ ಆಯುಷ್ಮಾನ್ ಭಾರತ್. ಅಕ್ಟೋಬರ್ 30ಕ್ಕೆ ಎರಡೂ ಸೇರಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಇದರಲ್ಲಿ ಒಂದು ಕ್ರಾಂತಿಕಾರಿ ಸಾಲು ಇದೆ. ಕುಟುಂಬದ ಗಾತ್ರಕ್ಕೆ ಮಿತಿ ಇಲ್ಲ, ವಯಸ್ಸಿಗೆ ಮಿತಿ ಇಲ್ಲ, ಮೊದಲೇ ಇದ್ದ ಕಾಯಿಲೆಗೂ ಚಿಕಿತ್ಸೆ ಇದೆ. ಅಂದರೆ ಸ್ನಾನದ ತೊಟ್ಟಿಯ ಎರಡೂ ಗೋಡೆಗಳನ್ನು ಸರ್ಕಾರ ಒಳಗೆ ತೆಗೆದುಕೊಂಡಿತು. ಐದು ಜನರ ಲೆಕ್ಕ ಹೋಯಿತು. ಇದಕ್ಕೆ ಯಾವ ಪಕ್ಷಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತೀರೋ ಕೊಡಿ, ಆದರೆ ಸಾಲು ಒಳ್ಳೆಯದು.

ಹಾಗಾದರೆ ಕಥೆ ಸುಖಾಂತವಾಯಿತಾ? ಇಲ್ಲ. ಕೇಂದ್ರದ ಪಟ್ಟಿ ಮಾಡಿದ್ದು 2011ರ ಸಾಮಾಜಿಕ ಆರ್ಥಿಕ ಗಣತಿಯಿಂದ. 2018ರಲ್ಲಿ ಐದು ವರ್ಷದೊಳಗಿದ್ದ ಒಂದೇ ಒಂದು ಮಗುವೂ ಆ ಗಣತಿಯಲ್ಲಿ ಇರಲು ಸಾಧ್ಯವಿಲ್ಲ. ಸರಳ ಗಣಿತ. ಆಮೇಲೆ ಹುಟ್ಟಿದವರನ್ನು ಸೇರಿಸಲು ಅವಕಾಶವಿದೆ. ರಾಜ್ಯದಲ್ಲಿ ರೇಷನ್ ಕಾರ್ಡು ಆಧಾರ. ಆದರೆ ಸೇರಿಸುವುದು ಅಂದರೆ ಏನು ಅಂತ ನಮ್ಮ ಫೋನ್ ಕಾರ್ಯಕ್ರಮಕ್ಕೆ ಕರೆ ಮಾಡುವವರನ್ನು ಕೇಳಿ. ಜನನ ಪ್ರಮಾಣಪತ್ರ ಬೇಕು, ಮಗುವಿನ ಆಧಾರ್ ಬೇಕು, ರೇಷನ್ ಕಾರ್ಡಿನಲ್ಲಿ ಹೆಸರು ಸೇರಬೇಕು, ಸರ್ವರ್ ಇರಬೇಕು. 'ಸರ್ವರ್ ಡೌನ್ ಇದೆ, ನಾಳೆ ಬನ್ನಿ.' ದೊಡ್ಡವರ ಹೆಸರು ವರ್ಷಗಳ ಹಿಂದೆಯೇ ಸೇರಿರುತ್ತದೆ. ಹೊಸದಾಗಿ ಸೇರಬೇಕಾದವರು ಯಾರು? ಯಾವಾಗಲೂ ಮಕ್ಕಳೇ. ಕಾಗದಪತ್ರದ ಅತಿ ದೊಡ್ಡ ಕ್ಯೂನಲ್ಲಿ ಅತಿ ಸಣ್ಣವರು ನಿಂತಿದ್ದಾರೆ.

ಇನ್ನೊಂದು ವಿಷಯ. ಈ 5 ಲಕ್ಷ ಸಿಗುವುದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗ. ಪುಟ್ಟ ಮಕ್ಕಳಿರುವ ಮನೆಯ ಖರ್ಚು ಎಲ್ಲಿ ಹೋಗುತ್ತದೆ ಅಂತ ಯಾವ ತಾಯಿಯನ್ನು ಬೇಕಾದರೂ ಕೇಳಿ. ರಾತ್ರಿ ಜ್ವರ ಬಂತು ಅಂತ ಬೀದಿಯ ಕ್ಲಿನಿಕ್‌ಗೆ, ಅಲ್ಲಿಂದ ಮೆಡಿಕಲ್ ಶಾಪಿಗೆ, ರಕ್ತ ಪರೀಕ್ಷೆಗೆ, ಎರಡು ದಿನ ಬಿಟ್ಟು ಮತ್ತೆ ಕ್ಲಿನಿಕ್‌ಗೆ. ಇದಕ್ಕೆ ಆಯುಷ್ಮಾನ್ ಇಲ್ಲ, ಮಾಮೂಲಿ ಖಾಸಗಿ ಪಾಲಿಸಿಯೂ ಇಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇಳಿದಿದ್ದು ಸಂತೋಷ. ಆದರೂ ನೂರರಲ್ಲಿ ನಲವತ್ತು ರೂಪಾಯಿ ಇನ್ನೂ ನಮ್ಮ ಜೇಬಿನದ್ದೇ.

ಹಾಗೆ ನೋಡಿದರೆ ಮಕ್ಕಳನ್ನು ಹೆಚ್ಚು ಉಳಿಸಿದ್ದು ವಿಮೆಯ ಕಾರ್ಡೇ ಅಲ್ಲ. ಅಂಗನವಾಡಿಯಲ್ಲಿ ಹಾಕುವ ಉಚಿತ ಲಸಿಕೆ, ಆಶಾ ಕಾರ್ಯಕರ್ತೆಯರ ಓಡಾಟ, ಸರ್ಕಾರಿ ಆಸ್ಪತ್ರೆಯ ಹೆರಿಗೆ. 2011ರ ಜೂನ್ 1ರಂದು ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹುಷಾರಿಲ್ಲದ ನವಜಾತ ಶಿಶುವಿಗೆ 30 ದಿನ ಎಲ್ಲ ಉಚಿತ. ಮುಂದೆ ಅದನ್ನು ಒಂದು ವರ್ಷಕ್ಕೆ ವಿಸ್ತರಿಸಿದರು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತದೆ. ಹುಟ್ಟಿನಿಂದ ಬಂದ ದೋಷ ಕಂಡರೆ ಮುಂದಿನ ಚಿಕಿತ್ಸೆಗೆ ಕಳಿಸುತ್ತದೆ. ಇವೆರಡರಲ್ಲಿ ಏನು ವಿಶೇಷ? ಇಲ್ಲಿ ಅಪ್ಪನ ಸಂಬಳ ಕೇಳುವುದಿಲ್ಲ, ಅಮ್ಮನ ಸೊಸೈಟಿ ಪುಸ್ತಕ ಕೇಳುವುದಿಲ್ಲ. ಮಗು ಅನ್ನುವುದೇ ಅರ್ಹತೆ. ನಮ್ಮ ಇತಿಹಾಸದಲ್ಲಿ ಮಗು ಸ್ವಂತ ಕಾಲ ಮೇಲೆ ನಿಂತಿರುವುದು ಇಂಥ ಒಂದೆರಡು ಕಡೆ ಮಾತ್ರ. ಆದರೆ ಇದು ಸರ್ಕಾರಿ ಆಸ್ಪತ್ರೆಯ ಬಾಗಿಲವರೆಗಿನ ಮಾತು. ಅಲ್ಲಿ ವೆಂಟಿಲೇಟರ್ ಖಾಲಿ ಇಲ್ಲ ಅಂದ ಕ್ಷಣ ಮತ್ತೆ ಪ್ರಶ್ನೆ ಶುರು. ಕಾರ್ಡು ಯಾವುದು? ಯಾರ ಹೆಸರಲ್ಲಿದೆ?

ಮಗುವಿನ ಹೆಸರಲ್ಲೇ ವಿಮೆ ಮಾಡಲು ಸಾಧ್ಯವೇ ಇಲ್ಲವಾ? ಅಮೆರಿಕದ ಉದಾಹರಣೆ ಕೊಡುತ್ತೇನೆ. ಖಾಸಗಿ ವಿಮೆಯ ತವರು ಅದು. 1965ರಿಂದ ಕಡುಬಡವರಿಗೆ ಮೆಡಿಕೇಡ್ ಇತ್ತು, ನೌಕರಿ ಇದ್ದವರಿಗೆ ಕಂಪನಿಯ ಪಾಲಿಸಿ ಇತ್ತು. ನಡುವೆ ಸಿಕ್ಕಿಹಾಕಿಕೊಂಡ ಮನೆಗಳಲ್ಲಿ 1997ರ ಹೊತ್ತಿಗೆ ಸುಮಾರು ಒಂದು ಕೋಟಿ ಮಕ್ಕಳಿಗೆ ಯಾವ ವಿಮೆಯೂ ಇರಲಿಲ್ಲ. ಡೆಮಾಕ್ರಾಟ್ ಪಕ್ಷದ ಎಡ್ವರ್ಡ್ ಕೆನಡಿ, ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್, ಹಾವು ಮುಂಗುಸಿಯಂತಿದ್ದ ಎರಡು ಪಕ್ಷಗಳ ಇಬ್ಬರು ಸೆನೆಟರ್‌ಗಳು ಒಟ್ಟಾದರು. ಸಿಗರೇಟಿನ ಮೇಲೆ ತೆರಿಗೆ ಹೆಚ್ಚಿಸಿ ಮಕ್ಕಳಿಗೇ ಅಂತ ಒಂದು ಯೋಜನೆ ಬಂತು, ಹೆಸರು ಚಿಪ್. ಇಪ್ಪತ್ತು ವರ್ಷದಲ್ಲಿ ವಿಮೆ ಇಲ್ಲದ ಮಕ್ಕಳ ಪ್ರಮಾಣ ಶೇ. 14ರ ಆಸುಪಾಸಿನಿಂದ ಶೇ. 5ರ ಆಸುಪಾಸಿಗೆ ಇಳಿಯಿತು. ಅಲ್ಲೂ ಎಲ್ಲ ಸರಿಯಿಲ್ಲ. 2017ರ ಸೆಪ್ಟೆಂಬರ್ ಕೊನೆಗೆ ಯೋಜನೆಯ ಅವಧಿ ಮುಗಿದು, ರಾಜಕೀಯ ಜಗಳದಲ್ಲಿ ಜನವರಿವರೆಗೆ ಮಕ್ಕಳ ವಿಮೆ ತೂಗುಯ್ಯಾಲೆಯಲ್ಲಿತ್ತು. ಆದರೂ ಮಗುವನ್ನು ಅಪ್ಪನ ನೌಕರಿಯಿಂದ ಬಿಡಿಸಿ ನೋಡಬಹುದು ಅನ್ನುವುದು ಸಾಬೀತಾಯಿತು.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ವರ್ಷ ದಾಟಿದವರಿಗೆ ಆಯುಷ್ಮಾನ್ ವಯ ವಂದನಾ ಕಾರ್ಡು ತಂದಿತು. ಬಡವರೋ ಶ್ರೀಮಂತರೋ ಕೇಳುವುದಿಲ್ಲ. ವಯಸ್ಸೇ ಅರ್ಹತೆ, ಕಾರ್ಡು ಅವರ ಹೆಸರಲ್ಲೇ. ಖಂಡಿತ ಸ್ವಾಗತ. ನಮ್ಮ ಹಿರಿಯರಿಗೆ ಸಿಗಲೇಬೇಕು. ಸ್ನಾನದ ತೊಟ್ಟಿಯ ಬಲಗಡೆ ಗೋಡೆಯನ್ನು ದೇಶ ವಯಸ್ಸಿನ ಆಧಾರದ ಮೇಲೆ ಒಪ್ಪಿಕೊಂಡಿತು. ನನ್ನ ಪ್ರಶ್ನೆ ಎಡಗಡೆಯ ಗೋಡೆಯದ್ದು. ಅಜ್ಜನಿಗೆ ವಯಸ್ಸು ಸಾಕು ಅಂದರೆ, ಮೊಮ್ಮಗುವಿಗೆ ಯಾಕೆ ವಯಸ್ಸು ಸಾಲದು?

ದುಡ್ಡಿಲ್ಲ ಅನ್ನುತ್ತಾರಾ? ಲೆಕ್ಕ ಮಾಡೋಣ. ಮೊದಲ ಕೆಲವು ತಿಂಗಳು ದಾಟಿದ ಮಗು ವಿಮೆಯ ಲೆಕ್ಕದಲ್ಲಿ ಅತಿ ಅಗ್ಗದ ಗಿರಾಕಿ. ದುಬಾರಿ ಇರುವುದು ಆ ಮೊದಲ ದಿನಗಳು ಮತ್ತು ಹುಟ್ಟಿನಿಂದ ಬಂದ ದೋಷಗಳು. ಅದನ್ನೇ ತಾನೇ ವಿಮೆ ಅನ್ನುವುದು? ಎಲ್ಲರ ಅಗ್ಗದ ವರ್ಷಗಳು ಕೆಲವರ ದುಬಾರಿ ದಿನಗಳನ್ನು ಹೊರುವುದು. ಖಾಸಗಿ ಆಸ್ಪತ್ರೆಗಳು ಬಿಲ್ ಏರಿಸಿ ದುಡ್ಡು ಹೊಡೆಯುತ್ತವೆ ಅನ್ನುವ ಆಕ್ಷೇಪ ಇದೆ, ಅದು ನ್ಯಾಯವಾದ ಆಕ್ಷೇಪ. ಅದಕ್ಕೆ ಈ ರಾಜ್ಯದಲ್ಲಿ ಈಗಾಗಲೇ ಒಂದು ದಾರಿ ಇದೆ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಪತ್ರ ಕೊಟ್ಟು ಖಾಸಗಿಗೆ, ತುರ್ತು ಪಟ್ಟಿಯಲ್ಲಿರುವುದಕ್ಕೆ ನೇರ ಪ್ರವೇಶ. ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಹುಟ್ಟಿದ ಆಸ್ಪತ್ರೆಯಲ್ಲೇ, ಜನನ ನೋಂದಣಿಯ ಜೊತೆಗೇ, ಮಗುವಿನ ಹೆಸರಲ್ಲಿ ಒಂದು ಸಂಖ್ಯೆ ಕೊಟ್ಟು ಐದು ವರ್ಷ ತುಂಬುವವರೆಗೆ ರಕ್ಷಣೆ ಕೊಡಿ. ಹೆಸರಿಡುವ ಶಾಸ್ತ್ರ ಆಮೇಲೆ ಆಗಲಿ. ಅಪ್ಪನ ಕೆಲಸ ಹೋದರೂ, ರೇಷನ್ ಕಾರ್ಡು ರದ್ದಾದರೂ, ಸರ್ವರ್ ಡೌನ್ ಆದರೂ ಆ ಸಂಖ್ಯೆ ಇರಲಿ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಕಂತಿನ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆದರು. ಒಂದು ವಾರ ಎಲ್ಲ ಚಾನೆಲ್‌ಗಳಲ್ಲೂ ಅದೇ ಚರ್ಚೆ, ನಾವೂ ಮಾಡಿದೆವು. ಕಂತು ಕಟ್ಟುವವರಿಗೆ ಒಂದಿಷ್ಟು ಉಳಿಯಿತು, ಒಳ್ಳೆಯದೇ. ಆದರೆ 91ನೇ ದಿನದ ಬಗ್ಗೆ ಯಾವ ಪಕ್ಷದವರೂ ಮೇಜು ಕುಟ್ಟಲಿಲ್ಲ. ಯಾಕೆ ಅಂತ ಕೇಳಿದರೆ ಉತ್ತರ ಕಹಿಯಾಗಿದೆ. ಕಾರ್ಮಿಕರಿಗೆ ಯೂನಿಯನ್ ಇದೆ. ರೈತರಿಗೆ ಸಂಘ ಇದೆ. ಹಿರಿಯರಿಗೆ ಮತ ಇದೆ, ಅವರು ಸಾಲಿನಲ್ಲಿ ನಿಂತು ತಪ್ಪದೆ ಹಾಕುತ್ತಾರೆ. ಐದು ವರ್ಷದೊಳಗಿನ ಮಗುವಿಗೆ ಯೂನಿಯನ್ನೂ ಇಲ್ಲ, ಸಂಘವೂ ಇಲ್ಲ, ಮತವೂ ಇಲ್ಲ.

ಅದಕ್ಕೇ ಮುಂದಿನ ಸಲ ಯಾರಾದರೂ ನಿಮ್ಮ ಮನೆ ಬಾಗಿಲಿಗೆ ಕೈಮುಗಿದುಕೊಂಡು ಬಂದಾಗ, ರಸ್ತೆ ಕೇಳಿ, ಚರಂಡಿ ಕೇಳಿ, ಜೊತೆಗೆ ಇದನ್ನೂ ಒಂದು ಕೇಳಿ. ನಮ್ಮ ಮಗುವಿನ ಕಾರ್ಡು ಯಾರ ಹೆಸರಲ್ಲಿದೆ ಸ್ವಾಮಿ, ಅದರ ಹೆಸರಲ್ಲೇ ಯಾವಾಗ ಕೊಡ್ತೀರಿ?